ಅತ್ತೆ ಕಾಣದ ಬಾಯಿ

ಪಕ್ಕದ ಮನೆಯ ಕೆಲ್ಲಾಳಿಗೆ ತನ್ನ ನೆರಳಿನ ಮೇಲೂ ಅನುಮಾನ. ಮರುಭೂಮಿಯ ನಡುವಿನ ನಮ್ಮ ತಮನ್‌ರಾಸೆಟ್ ಪೇಟೆಯಲ್ಲಿ ಚಹಾಪುಡಿಯನ್ನು ಜಗಿದು ನೋಡದೆ ಕೊಂಡವಳಲ್ಲ. ನಾನು ಕೊಟ್ಟ ಖರ್ಜೂರವನ್ನೂ ಬಿಡಿಸಿ ಹುಳು ಹುಡುಕುತ್ತಾಳೆ.

ಅವಳು ನಂಬಿದ್ದು ಅಳಿಯ ಅಮಸ್ತಾನನೊಬ್ಬನನ್ನೇ. ಮದುವೆಮನೆಗಳಲ್ಲಿ ಗಿಟಾರ್ ಬಾರಿಸುತ್ತಿದ್ದ ಹುಡುಗ ಅವನು. ಅವನೇ ಕಟ್ಟಿದ ಹಾಡುಗಳು ಕ್ಯಾಸೆಟ್ಟಿನಲ್ಲಿ ಲಾರಿಯಿಂದ ಲಾರಿಗೆ ಹತ್ತಿ ಮರುಭೂಮಿ ದಾಟಿದವು. ಕಡೆಗೆ ಅವನನ್ನೂ ಪ್ಯಾರಿಸ್ಸಿನ ರಾಕ್ ವೇದಿಕೆಗೆ ಎಳೆದೊಯ್ದವು. ಎಷ್ಟೇ ಹೆಸರು ಬಂದರೂ ಅತ್ತೆಯ ಮುಂದೆ ಬಾಯಿ ಮುಚ್ಚಿದ ಅವನ ಮುಂಡಾಸಿನ ಚುಂಗು ಮೂಗಿನಿಂದ ಕೆಳಗಿಳಿಯಲಿಲ್ಲ. ನಮ್ಮಲ್ಲಿ ಅಳಿಯ ಅತ್ತೆಗೆ ಬಾಯಿ ತೋರಿಸುವುದೂ ಒಂದೇ, ಬೆತ್ತಲೆ ನಿಲ್ಲುವುದೂ ಒಂದೇ.

ಹೀಗಿರುವಾಗ ಯಾವನೋ ಕೇಡಿಗ ಅವನ ಪೋಸ್ಟರೊಂದನ್ನು ತಂದು ಕೆಲ್ಲಾಳ ಕೈಗಿತ್ತ. ಅದರಲ್ಲಿ ಅಮಸ್ತಾನ್ ಮುಸುಕಿಲ್ಲದೆ ಹಾಡುತ್ತಿದ್ದ. ಮೇಲ್ತುಟಿ ಎಡಕ್ಕೆ ಸೊಟ್ಟ.

ಅಳಿಯ ಊರಿಗೆ ಬಂದ ದಿನ, ನಾವೆಲ್ಲ ಚಹಾಕ್ಕೆ ಕೂತಿದ್ದಾಗ, ಅವಳು ಪೋಸ್ಟರನ್ನು ಅವನ ಮುಂದೆ ಹಾಸಿದಳು.

"ಯಾರಪ್ಪಾ ಇವನು?"

ಅಮಸ್ತಾನ್ ತಲೆ ತಗ್ಗಿಸಿದ. "ನಾನಲ್ಲ ಅತ್ತೆ. ಬೇರೆ ಯಾರದೋ ಫೋಟೋಕ್ಕೆ ನನ್ನ ಹೆಸರು ಹಾಕಿದ್ದಾರೆ."

"ನಾನೂ ಹಂಗೇ ಅಂದ್ಕೊಂಡೆ. ಊರಿಗೆಲ್ಲ ಬಾಯಿ ತೋರಿಸ್ಕೊಂಡು ತಿರುಗೋನು ನನ್ನ ಅಳಿಯ ಆಗಿರೋಕೆ ಸಾಧ್ಯ ಇಲ್ಲ."

"ಖಂಡಿತ ಇಲ್ಲ, ಅತ್ತೆ."

ಕೆಲ್ಲಾ ತನ್ನ ತೊಡೆಯ ಮೇಲಿದ್ದ ಅವನ ಮಗಳ ಗಲ್ಲ ಹಿಡಿದು ಮುಖ ಎತ್ತಿದಳು. ಆ ಮಗುವಿನ ಮೇಲ್ತುಟಿಯೂ ಎಡಕ್ಕೆ ಸೊಟ್ಟ.

"ಹಂಗಾದ್ರೆ ಆ ಪೋಲಿಯ ಬಾಯಿ ನನ್ನ ಮೊಮ್ಮಗಳಿಗೆ ಎಲ್ಲಿಂದ ಬಂತು? ನೀನು ಹೇಳ್ತೀಯೋ, ಇಲ್ಲಾ ನನ್ನ ಮಗಳನ್ನೇ ಕರೆದು ಕೇಳ್ಲೋ?"