ಗಂಟೆಯ ನಾಲಿಗೆಗೆ ಸುತ್ತಿದ ಉಣ್ಣೆ

ಲಾಟ್ವಿಯಾದ ಕಡಲತೀರದ ಆ ಮೀನು ಕಾರ್ಖಾನೆಯಲ್ಲಿ ಕರೆಂಟ್ ಕೋಣೆಯೇ ಎಲ್ಲರಿಗೂ ಒಲೆ. ವೆಲ್ಟಾಳ ಗಂಡ ಎವಾಲ್ಡ್ಸ್ ಅದನ್ನು ನೋಡಿಕೊಳ್ಳುತ್ತಿದ್ದ. ಮೀನು ತೊಳೆಯುವ ಹೆಂಗಸರು ಒದ್ದೆ ಕೈಗವಸುಗಳನ್ನು ತಂದು ಟ್ರಾನ್ಸ್‌ಫಾರ್ಮರಿನ ಗಾಳಿ ಜಾಲರಿಯ ಮೇಲೆ ಹರವುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಹೆಣಿಗೆ, ನೋಡಿದರೆ ಸಾಕು, ಯಾರದೆಂದು ಗೊತ್ತಾಗುತ್ತಿತ್ತು. ಜಾಲರಿ ಮುಚ್ಚಿದರೆ ಒಳಗೆ ಕಾವು ಏರಿ ಗೋಡೆಯ ಎಚ್ಚರಿಕೆ ಗಂಟೆ ಬಡಿದುಕೊಳ್ಳುವುದು. ಎವಾಲ್ಡ್ಸ್ ಒಂದಿಷ್ಟು ಕೈಗವಸು ಎತ್ತಿಟ್ಟರೆ ಸುಮ್ಮನಾಗುವುದು.

ಮೇಸ್ತ್ರಿ ಗುನಾರ್ಸನಿಗೆ ಅದೇ ತಲೆನೋವು.

"ಏನಯ್ಯ, ಬಾಣಂತಿ ಮನೆ ಕೂಸಿನ ಥರ ಕಿರುಚುತ್ತಲ್ಲ ಇದು! ನಾಲಿಗೆಗೆ ಒಂಚೂರು ಉಣ್ಣೆ ಸುತ್ತು."

"ಬೇಡ ಮೇಸ್ತ್ರಿ," ಎಂದ ಎವಾಲ್ಡ್ಸ್. "ಬೆಂಕಿ ಬಿದ್ಮೇಲೆ ಕೂಗೋಕೆ ನಾವಿದೀವಿ, ಮುಂಚೆ ಕೂಗೋದು ಇದೊಂದೇ."

"ಹಂಗಾದ್ರೆ ಹೆಂಗಸರ ಕೈ ಮರಗಟ್ಟಿದಾಗ ಮೀನು ನೀನೇ ತೊಳಿ!"

ಪಕ್ಕದ ಮನೆಯ ಒಟೀಲಿಯಾ ನಗುನಗುತ್ತ ಕೆಂಪು ಉಣ್ಣೆ ಕೊಟ್ಟಳು. ಗುನಾರ್ಸನೇ ಏಣಿ ಹತ್ತಿ ಸುತ್ತಿದ. ಎವಾಲ್ಡ್ಸ್ ಏಣಿ ಹಿಡಿದುಕೊಂಡ. ವೆಲ್ಟಾ ಬಾಗಿಲಲ್ಲಿ ನಿಂತು ಎಲ್ಲ ಕಂಡಳು.

ದೋಣಿಗಳು ತುಂಬಿ ಬಂದ ದಿನ ಬೇಯಿಸುವ ಯಂತ್ರಗಳೆಲ್ಲ ಒಟ್ಟಿಗೇ ಓಡಿದವು. ಗಂಟೆ ಬಡಿದಿರಬೇಕು, ಯಾರಿಗೂ ಕೇಳಲಿಲ್ಲ. ಕಾವು ಮಿತಿಮೀರಿ ದೊಡ್ಡ ಸ್ವಿಚ್ ತಾನಾಗಿ ಟ್ರಿಪ್ ಆಯಿತು. ಟ್ರಾನ್ಸ್‌ಫಾರ್ಮರೇನೋ ಉಳಿಯಿತು, ಡಬ್ಬಿಗಳಲ್ಲಿ ಅರೆಬೆಂದ ಮೀನೆಲ್ಲ ಹಾಳಾಯಿತು.

ರೀಗಾದಿಂದ ತನಿಖೆಯವರು ಬರುವ ಸುದ್ದಿ ಹಬ್ಬಿದ್ದೇ ತಡ, ಹೆಂಗಸರು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಕೈಗವಸು ಎತ್ತಿಕೊಂಡು ಹೋದರು. ಯಂತ್ರದ ಹತ್ತಿರ ಬರಿಗೈಯಲ್ಲಿ ಒದ್ದಾಡುತ್ತಿದ್ದ ಎವಾಲ್ಡ್ಸನ ಕೈಗವಸಿನ ಜೊತೆಯೊಂದೇ ಜಾಲರಿಯ ಮೇಲೆ ಉಳಿಯಿತು, ಅಂಚು ಸೀದು.

"ಗಂಟೆಗೆ ಉಣ್ಣೆ ಸುತ್ತಿದ್ದು ಯಾರು?" ಎಂದರು ಬಂದವರು.

ಒಟೀಲಿಯಾ ತನ್ನ ಬೂಟು ನೋಡಿಕೊಂಡಳು.

"ಗುನಾರ್ಸ್! ನಾನೇ ಕಣ್ಣಾರೆ ನೋಡಿದೀನಿ," ಎಂದಳು ವೆಲ್ಟಾ.

"ಹೆಂಡತಿ ಗಂಡನ ಬಿಟ್ಟುಕೊಡ್ತಾಳಾ, ಸಾರ್?" ಎಂದ ಗುನಾರ್ಸ್. ಎಲ್ಲರೂ ನಕ್ಕರು.

ತಪ್ಪೆಲ್ಲ ಎವಾಲ್ಡ್ಸನ ತಲೆಗೇ ಬಂತು. ಕೆಲಸ ಹೋಯಿತು, ಹೆಸರೂ ಹೋಯಿತು. ಎವಾಲ್ಡ್ಸ್ ಆಮೇಲೆ ಬದುಕಿದ್ದಷ್ಟು ಕಾಲ ಕಿಟಕಿಯ ಪಕ್ಕ ಕೂತೇ ಕಳೆದ.

ಹೆಣ ಹೊತ್ತವರಿಗೆ ಕೈಗವಸು ಕೊಡುವುದು ಅಲ್ಲಿಯ ಪದ್ಧತಿ. ಎವಾಲ್ಡ್ಸನನ್ನು ಹೊರಲು ಗುನಾರ್ಸನೂ ಬಂದಿದ್ದ. ಮಿಕ್ಕವರಿಗೆ ಹೊಸದು ಕೊಟ್ಟ ವೆಲ್ಟಾ ಅವನ ಕೈಗೆ ಆ ಅಂಚು ಸೀದ ಜೊತೆಯನ್ನಿಟ್ಟಳು.

"ಗುರುತು ಸಿಕ್ತಾ? ಅವತ್ತು ಉಳಿದಿದ್ದು ಇದೊಂದೇ."

ಗುನಾರ್ಸ್ ಹೊರಳಿಸಿ ನೋಡಿ ಹಾಕಿಕೊಂಡ. ಬೆರಳು ಆಡಿಸಿದ.

"ಪರವಾಗಿಲ್ಲ ವೆಲ್ಟಾ," ಎಂದ, "ಬೆಚ್ಚಗಿದೆ."