ಆಕಾಶದಲ್ಲಿ ತಿನ್ನುವವರಿಗೆ ಆಮ್ಲೆಟ್

ವಿಮಾನ ನಿಲ್ದಾಣದ ಬೇಲಿಗೆ ಒತ್ತಿಕೊಂಡಂತೆ ನಿಂತಿದ್ದ ಆ ಕಟ್ಟಡ ಹೊರಗಿನಿಂದ ನೋಡಿದವರಿಗೆ ಗೋದಾಮು. ಒಳಗೆ ಹೋದರೆ ಅಡುಗೆಮನೆ. ಹಾರಲಿರುವ ವಿಮಾನಗಳಿಗೆಲ್ಲ ಊಟ ತಿಂಡಿ ಅಲ್ಲಿಂದಲೇ ಹೋಗಬೇಕು. ಅಲ್ಲಿ ಅವಳದು ಆಮ್ಲೆಟ್ ಹಾಕುವ ಕೆಲಸ. ಅವಳ ಭಾಷೆಯವರು ಇಬ್ಬರೋ ಮೂವರೋ ಇದ್ದರು, ಅವರು ತಮಾಷೆಗೆ ಮೊಟ್ಟೆಯಕ್ಕ ಎಂದು ಕರೆದರು. ಉಳಿದವರು ಅರ್ಥ ಗೊತ್ತಿಲ್ಲದೆ ಅದನ್ನೇ ಹಿಡಿದುಕೊಂಡರು. ದಪ್ಪ ಮೀಸೆಯ ಮುಖ್ಯ ಅಡುಗೆಯವನಂತೂ ಅದೇ ಅವಳ ನಿಜವಾದ ಹೆಸರೆಂದು ತಿಳಿದು, ಹಾಜರಿ ಕೂಗುವಾಗ ಬಹಳ ಗೌರವದಿಂದ ‘ಮೊಟ್ಟೆಯಕ್ಕ’ ಎನ್ನುತ್ತಿದ್ದ.

ಒಂದು ಸಾಲು ಒಲೆ, ಸಾಲಿಗೆ ಎಂಟು ಬಾಣಲೆ. ಒಡೆದು ಸೋಸಿದ ಮೊಟ್ಟೆ ಡಬ್ಬಗಳಲ್ಲೇ ಬರುತ್ತಿತ್ತು. ಸೌಟಿನಿಂದ ಎಂಟಕ್ಕೂ ಸುರಿದು ಮುಗಿಸುವಷ್ಟರಲ್ಲಿ ಮೊದಲನೆಯದರ ಅಂಚು ಎದ್ದಿರಬೇಕು. ಅದನ್ನು ಮಡಚಿ, ಜಾರಿಸಿ, ಎರಡನೆಯದಕ್ಕೆ ಕೈ ಹಾಕಬೇಕು. ಕೂದಲಿಗೆ ಬಲೆ, ಕೈಗೆ ನೀಲಿ ಗವಸು. ತಟ್ಟೆ ತುಂಬಿದ ಕೂಡಲೇ ಒಬ್ಬ ಬಂದು ಆಮ್ಲೆಟ್ಟಿನ ಹೊಟ್ಟೆಗೆ ಸೂಜಿಯಂಥ ಥರ್ಮಾಮೀಟರ್ ಚುಚ್ಚಿ ಶಾಖ ನೋಡುತ್ತಿದ್ದ. ಆಮೇಲೆ ಅವು ತಳ್ಳುಗಾಡಿ ಏರಿ ಹಿಮದಷ್ಟು ತಣ್ಣಗಿನ ಕೋಣೆಗೆ ಹೋಗಿಬಿಡುತ್ತಿದ್ದವು. ಅಲ್ಲಿಂದ ಡಬ್ಬಿಗೆ ತುಂಬುವ ಪಕ್ಕದ ಹಾಲ್, ಅಲ್ಲಿಂದ ಲಾರಿ, ಲಾರಿಯಿಂದ ವಿಮಾನದ ಬಾಗಿಲು. ಅವಳು ನೋಡುತ್ತಿದ್ದುದು ತಣ್ಣಗಿನ ಕೋಣೆಯ ಬಾಗಿಲ ತನಕ ಮಾತ್ರ.

ಊರಿನಲ್ಲಿ ಹೀಗಿರಲಿಲ್ಲ. ಅಲ್ಲಿ ಆಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ರೋಗಿಗಳ ಕಡೆಯವರು ನಿದ್ದೆಗೆಟ್ಟ ಮುಖ ಹೊತ್ತುಕೊಂಡು ಬಂದು, ತಟ್ಟೆ ಖಾಲಿಯಾಗುವ ಹೊತ್ತಿಗೆ ಸ್ವಲ್ಪ ಮನುಷ್ಯರಾಗಿ ಎದ್ದು ಹೋಗುತ್ತಿದ್ದರು. ಅಡುಗೆ ಕಿಟಕಿಯಿಂದ ಅವಳು ಅದನ್ನು ನೋಡುತ್ತಿದ್ದಳು. ಆಸ್ಪತ್ರೆಯವರು ಹಳೆಯ ಕಟ್ಟಡ ಕೆಡವಿದಾಗ ಕ್ಯಾಂಟೀನೂ ಹೋಯಿತು. ಆಗಲೇ ಹಿಂದೆ ಅವಳ ಜೊತೆ ಕೆಲಸ ಮಾಡಿ ಹೊರದೇಶಕ್ಕೆ ಹೋಗಿದ್ದ ಹೆಂಗಸೊಬ್ಬಳು ಫೋನ್ ಮಾಡಿ, ‘ಇಲ್ಲಿ ಕೈ ಚುರುಕಿರೋರು ಬೇಕಂತೆ, ನಿನ್ನ ಹೆಸರು ಹೇಳಿದೀನಿ’ ಎಂದಳು.

ಗಂಡ ಗಡಿಯಾರ ರಿಪೇರಿಯವನು. ಅವನ ಅಂಗಡಿ ಒಂದು ಬೀರುವಿನಷ್ಟು, ಅವನ ಮಾತು ಅದಕ್ಕಿಂತ ಕಮ್ಮಿ. ಅವಳು ವಿಷಯ ಹೇಳಿದಾಗ ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಕೇಳಿದ.

‘ನಿಂಗೆ ಹೋಗಬೇಕು ಅನ್ಸುತ್ತಾ?’

‘ಅನ್ಸುತ್ತೆ. ಆದ್ರೆ ಮಗು? ಅತ್ತೆ? ಒಲೆ ಮುಂದೆ ಯಾರು ನಿಲ್ತಾರೆ?’

‘ನನ್ನನ್ನ ಕರೆದಿದ್ರೆ ನಾನು ಹೋಗ್ತಿದ್ದೆ. ಕರೆದಿರೋದು ನಿನ್ನ. ಹೋಗಿ ಬಾ.’

ಒಳಗಿನಿಂದ ಅತ್ತೆಯ ದನಿ ಬಂತು. ‘ಒಲೆ ಮುಂದೆ ನನ್ನ ಮಗ ನಿಲ್ತಾನೆ. ದೇವರು ಅವನಿಗೂ ಎರಡು ಕೈ ಕೊಟ್ಟಿದಾನೆ. ಆ ಕೈಯಲ್ಲಿ ಸಾಸಿವೆಯಂಥ ಮೊಳೆ ಹಿಡಿಯೋನಿಗೆ ಸೌಟು ಹಿಡಿಯೋಕಾಗಲ್ವಾ?’

ಸೊಸೆ ಬೆರಗಾಗಿ ನಿಂತಳು. ತನ್ನ ಅಡುಗೆಗೆ ಒಂದು ದಿನವೂ ‘ಪರವಾಗಿಲ್ಲ’ ಎನ್ನದ ಅತ್ತೆ, ತನ್ನನ್ನು ಕಳಿಸಿಕೊಡುವಾಗ ಮಾತ್ರ ಧಾರಾಳವಾಗಿದ್ದಳು. ಹತ್ತು ವರ್ಷದ ಮಗಳು ಅಮ್ಮನ ಪೆಟ್ಟಿಗೆಯ ಮೇಲೆ ಕೂತು, ಹೊರಡುವ ದಿನದ ತನಕ ಇಳಿಯಲಿಲ್ಲ. ಹೊರಟ ದಿನ ಮಾತ್ರ ಪಕ್ಕದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೊದಲ ತಿಂಗಳುಗಳೆಲ್ಲ ಫೋನಿನಲ್ಲಿ ಅಡುಗೆ ಪಾಠ ನಡೆಯಿತು.

‘ಅನ್ನ ಮತ್ತೆ ಗಂಜಿಯಾಯ್ತು ಕಣೇ.’

‘ನೀರು ಎಷ್ಟು ಹಾಕಿದ್ರಿ?’

‘ಕಣ್ಣಂದಾಜು.’

‘ರೀ, ಗಡಿಯಾರದ ಮುಳ್ಳು ಕೂರಿಸುವಾಗಲೂ ಕಣ್ಣಂದಾಜಾ?’

ಮರುದಿನದಿಂದ ಅವನು ಲೋಟ ಹಿಡಿದು ಅಳೆಯತೊಡಗಿದ. ಅಲ್ಲಿಂದ ಮುಂದೆ ಅನ್ನದ ಕುರಿತು ದೂರು ಬರಲಿಲ್ಲ. ವರ್ಷ ಕಳೆಯುವುದರೊಳಗೆ ಅವನು ಕೇಳುವುದನ್ನೇ ಬಿಟ್ಟ. ಅವಳೇ ‘ಇವತ್ತು ಏನು ಮಾಡಿದ್ರಿ?’ ಎಂದು ಕೇಳಬೇಕಾಯಿತು. ಮಗಳು ಫೋನಿಗೆ ಬಂದರೆ ‘ಹೂಂ’, ‘ಇಲ್ಲ’, ‘ಅಪ್ಪಂಗೆ ಕೊಡ್ತೀನಿ’ ಇಷ್ಟೇ.

ಅವಳ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಇನ್ನೊಂದು ಮಂಚದವಳು ಬೇರೆ ದೇಶದವಳು, ವಯಸ್ಸಿನಲ್ಲಿ ಚಿಕ್ಕವಳು. ಇವಳು ಅವಳನ್ನು ತಂಗಿ ಎಂದೇ ಕರೆದಳು. ಇಬ್ಬರಿಗೂ ಅರ್ಧಂಬರ್ಧ ಬರುವ ಮೂರನೆಯ ಭಾಷೆಯೊಂದರಲ್ಲಿ ಮಾತು. ತಂಗಿಗೆ ಕೆಲಸ ತಟ್ಟೆ ತೊಳೆಯುವ ಹಾಲ್‌ನಲ್ಲಿ. ವಿಮಾನ ಇಳಿದ ಮೇಲೆ ಎಂಜಲು ತಟ್ಟೆಗಳೆಲ್ಲ ವಾಪಸ್ಸು ಬರುವುದು ಅಲ್ಲಿಗೇ. ಮೊಟ್ಟೆಯಕ್ಕನಿಗೆ ಇದು ತಿಳಿದದ್ದೇ ತಡ, ಪ್ರತಿ ಸಂಜೆ ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರು.

‘ನನ್ನ ಆಮ್ಲೆಟ್ ಹೇಗೆ ಬಂತು ಇವತ್ತು?’

‘ಬೆಳಗಿನ ದೊಡ್ಡ ವಿಮಾನದಲ್ಲಿ ಅರ್ಧ ಬಂತು ಅಕ್ಕ. ಹಣ್ಣು ಒಂದೂ ಬರಲಿಲ್ಲ.’

‘ಅರ್ಧ ಅಂದ್ರೆ? ಕಚ್ಚಿ ಬಿಟ್ಟಿದ್ರಾ, ಮುಟ್ಟೇ ಇರಲಿಲ್ವಾ?’

‘ಕಚ್ಚಿ ಬಿಟ್ಟಿದ್ರು.’

ಮುಟ್ಟದೆ ಬಿಟ್ಟಿದ್ದರೆ ಹಸಿವಿಲ್ಲ ಎನ್ನಬಹುದಿತ್ತು. ಕಚ್ಚಿ ಬಿಟ್ಟದ್ದಕ್ಕೆ ಅಂಥ ನೆಪ ಸಿಗಲಿಲ್ಲ. ಯೋಚಿಸಿ ಯೋಚಿಸಿ ಅವಳೊಂದು ತೀರ್ಮಾನಕ್ಕೆ ಬಂದಳು. ಮೊಟ್ಟೆ ಅತಿಯಾಗಿ ಬೇಯುತ್ತಿದೆ, ಒಂದು ಗಳಿಗೆ ಮೊದಲೇ ಇಳಿಸಿದರೆ ಹೂವಿನಂತಿರುತ್ತದೆ. ಮೀಸೆಯವನ ಮುಂದೆ ನಿಂತು ಹಾಗೆಂದೇ ಹೇಳಿದಳು.

ಅವನು ಬೈಯಲಿಲ್ಲ. ‘ಹಾಗೇ ಒಂದು ಮಾಡು’ ಎಂದ. ಅವಳು ಮಾಡಿದಳು, ಬೆಣ್ಣೆಯಂಥ ಆಮ್ಲೆಟ್. ಅವನು ಅದನ್ನು ತಣ್ಣಗಿನ ಕೋಣೆಗೆ ಕಳಿಸಿ, ಬಳಿಕ ಮೂಲೆಯಲ್ಲಿದ್ದ ಚಿಕ್ಕ ಒಲೆಯೊಳಗಿಟ್ಟು ಬಿಸಿ ಮಾಡಿದ. ವಿಮಾನದೊಳಗೆ ಇರುವುದು ಅಂಥದೇ ಒಲೆ. ಹೊರಗೆ ತೆಗೆದಾಗ ಡಬ್ಬಿಯಲ್ಲಿ ನೀರು ನಿಂತಿತ್ತು, ನಡುವೆ ಹರಿದ ಬಟ್ಟೆಯಂತೆ ಏನೋ ತೇಲುತ್ತಿತ್ತು.

‘ಇದು ಎರಡು ಸಲ ಬೇಯೋ ಅಡುಗೆ’ ಎಂದ ಅವನು. ‘ಇಲ್ಲಿ ಗಟ್ಟಿ ಇದ್ರೇನೇ ಅಲ್ಲಿ ತಿನ್ನೋ ಹಾಗಿರುತ್ತೆ. ಹಸಿ ಉಳಿದು ಮೇಲೆ ಯಾರಿಗಾದ್ರೂ ಹೊಟ್ಟೆ ಕೆಟ್ಟರೆ ಅಲ್ಲಿ ಆಸ್ಪತ್ರೆ ಇಲ್ಲ. ಅಷ್ಟು ಎತ್ತರದಲ್ಲಿ ನಾಲಿಗೆಯೂ ಮಂಕಾಗುತ್ತೆ, ಏನು ಕೊಟ್ಟರೂ ಸಪ್ಪೆ ಅಂತಾರೆ.’

ಕುಣಿಯಲಾರದವಳು ನೆಲ ಡೊಂಕೆಂದಂತೆ ಆಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು. ಆ ದಿನದ ನಂತರ ಕೆಲಸದಲ್ಲಿ ಎಡವಲಿಲ್ಲ. ಆದರೆ ಸಂಜೆಯ ವಿಚಾರಣೆಯನ್ನು ಮಾತ್ರ ಬಿಡಲಿಲ್ಲ.

ಮೂರನೆಯ ವರ್ಷ ರಜೆ ಸಿಕ್ಕಿತು. ಅವಳ ಅಡುಗೆಮನೆಯಿಂದಲೇ ತಿಂಡಿ ಹೋಗುವ ವಿಮಾನದಲ್ಲಿ ಊರಿನ ದಾರಿ ಹಿಡಿದಳು. ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ. ಮಗನ ಮನೆಯಲ್ಲಿ ಮೊಮ್ಮಗುವನ್ನು ಎತ್ತಿ ಆಡಿಸಿ ವಾಪಸ್ಸು ಹೊರಟವಳು. ಭಾಷೆ ಒಂದೇ ಎಂದು ತಿಳಿದ ಮೇಲೆ ಅಜ್ಜಿ ಮೊಮ್ಮಗುವಿನ ಹಲ್ಲಿನಿಂದ ಹಿಡಿದು ಸೊಸೆಯ ಸೋಮಾರಿತನದವರೆಗೆ ಎಲ್ಲವನ್ನೂ ಬಿಡಿಸಿಟ್ಟಳು. ಅಷ್ಟರಲ್ಲಿ ತಟ್ಟೆ ಬಂತು.

ಡಬ್ಬಿಯ ಮೇಲಿನ ಹಾಳೆ ಬಿಚ್ಚಲು ಬಾರದೆ ಅಜ್ಜಿ ಒದ್ದಾಡಿದಳು. ಇವಳು ಬಿಚ್ಚಿಕೊಟ್ಟಳು. ಮಡಚಿದ ರೀತಿ ನೋಡಿದ ಕೂಡಲೇ ತನ್ನ ಕೈಯದೇ ಎಂದು ಗೊತ್ತಾಯಿತು. ತನ್ನ ತಟ್ಟೆ ಮುಟ್ಟದೆ ಅಜ್ಜಿಯ ಬಾಯನ್ನೇ ನೋಡುತ್ತ ಕೂತಳು.

ಅಜ್ಜಿ ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಮುಖ ಸೊಟ್ಟ ಮಾಡಿದಳು. ‘ಯಾವ ಪುಣ್ಯಾತ್ಗಿತ್ತಿ ಮಾಡಿದಳೋ! ಚಪ್ಪಲಿ ಅಟ್ಟೆ ಇದ್ದ ಹಾಗಿದೆ.’

ಸುಮ್ಮನಿರಬಹುದಿತ್ತು. ಆದರೆ ಬಾಯಿ ಕೇಳಬೇಕಲ್ಲ.

‘ಅದು ನಾನೇ ಮಾಡಿದ್ದು ಅಜ್ಜಿ.’

‘ಏನು? ಇಲ್ಲಿ ನನ್ನ ಪಕ್ಕ ಕೂತ್ಕೊಂಡೇ ಇದೀಯಲ್ಲ, ಯಾವಾಗ ಮಾಡಿದೆ?’

ಅವಳು ಎಲ್ಲವನ್ನೂ ಹೇಳಿದಳು. ನಿನ್ನೆಯ ಕೆಲಸ, ಎಂಟು ಬಾಣಲೆ, ಸೂಜಿ, ತಣ್ಣಗಿನ ಕೋಣೆ, ಎರಡು ಸಲ ಬೇಯುವುದು. ಅಜ್ಜಿ ಬಾಯಿ ತೆರೆದುಕೊಂಡು ಕೇಳಿದಳು. ಕೇಳುತ್ತ ಕೇಳುತ್ತಲೇ ಕೈ ತಟ್ಟೆಗೆ ಹೋಯಿತು. ಒಂದು ತುಂಡು, ಇನ್ನೊಂದು ತುಂಡು, ಕೊನೆಗೆ ಡಬ್ಬಿ ಖಾಲಿ.

‘ಬಲವಂತವಾಗಿ ತಿನ್ನಬೇಡಿ ಅಜ್ಜಿ.’

‘ಮಾಡಿದೋಳು ಪಕ್ಕದಲ್ಲೇ ಕೂತಿರುವಾಗ ಬಿಡೋಕೆ ಆಗುತ್ತಾ ತಾಯಿ? ಈಗ ಅಷ್ಟೇನೂ ಗಟ್ಟಿ ಅನ್ನಿಸ್ಲಿಲ್ಲ ನೋಡು. ಎಲ್ಲಿ, ನೀನು ತಿನ್ನು. ನೀನೇ ಬಿಟ್ಟರೆ ಇನ್ಯಾರು ತಿಂತಾರೆ?’

ಅವಳೂ ತಿಂದಳು. ಚಪ್ಪಲಿ ಅಟ್ಟೆ ಎಂದದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಇಬ್ಬರೂ ನಗತೊಡಗಿದಾಗ ಮುಂದಿನ ಸೀಟಿನವನು ತಿರುಗಿ ನೋಡಿದ.

ಮನೆಗೆ ಬಂದಾಗ ಅತ್ತೆ ಮೊದಲಿಗಿಂತ ಬಾಗಿದ್ದಳು, ನಾಲಿಗೆ ಮಾತ್ರ ನೆಟ್ಟಗೇ ಇತ್ತು. ಮಗಳು ಅಮ್ಮನ ಕಿವಿಯೆತ್ತರ ಬೆಳೆದಿದ್ದಳು. ತಂದ ಬಟ್ಟೆಯನ್ನು ತೆಗೆದುಕೊಂಡು ‘ಚೆನ್ನಾಗಿದೆ’ ಎಂದು ಮಡಚಿಟ್ಟಳು. ಊಟಕ್ಕೆ ಕೂತಾಗ ‘ಅಪ್ಪಾ, ಅಮ್ಮಂಗೆ ಇನ್ನೂ ಅನ್ನ ಬೇಕಾ ಕೇಳು’ ಎಂದಳು, ಅಮ್ಮ ಎದುರಿಗೇ ಕೂತಿದ್ದರೂ.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಗೆ ಹೋಗಿ ಕೈ ಚಾಚಿದಲ್ಲಿ ಉಪ್ಪಿರಲಿಲ್ಲ. ಬೇಳೆಯಿದ್ದ ಕಡೆ ಸಕ್ಕರೆ, ಸಕ್ಕರೆಯಿದ್ದ ಕಡೆ ಬೆಂಕಿಪೊಟ್ಟಣ. ಡಬ್ಬಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಗಡಿಯಾರದಂಗಡಿಯ ಸ್ಕ್ರೂಗಳ ಹಾಗೆ. ಗಂಡ ಬಂದು ಮೆಲ್ಲಗೆ ಸೌಟು ಕಿತ್ತುಕೊಂಡು ‘ರಜೆಗೆ ಬಂದಿದೀಯ, ಕೂತ್ಕೋ’ ಎಂದ. ಪ್ರೀತಿಯಿಂದಲೇ ಹೇಳಿದ. ಆದರೆ ಅವಳಿಗೆ ತನ್ನ ಮನೆಯಲ್ಲಿ ತಾನೇ ನೆಂಟಳಾದಂತೆ ಅನ್ನಿಸಿ, ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತಳು.

ಅತ್ತೆ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತಳು. ‘ಮೂರು ವರ್ಷ ಬಿಟ್ಟು ಹೋದೋಳಿಗೆ ಉಪ್ಪು ಅಲ್ಲೇ ಕಾಯ್ತಾ ಇರಬೇಕಿತ್ತಾ? ಗೊತ್ತಿಲ್ಲದಿದ್ರೆ ಗೊತ್ತಿರೋರನ್ನ ಕೇಳು. ನಿನ್ನ ಮಗಳು ಈ ಮನೇಲಿ ಪಿನ್ನು ಎಲ್ಲಿದೆ ಅಂತಲೂ ಹೇಳ್ತಾಳೆ.’

ಆ ಸಂಜೆ ಮಗಳು ಶಾಲೆಯಿಂದ ಬಂದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ‘ನಂಗೆ ಇಲ್ಲಿ ಏನೂ ಸಿಗ್ತಾ ಇಲ್ಲ. ಸ್ವಲ್ಪ ತೋರಿಸ್ತೀಯಾ?’

ಮಗಳು ಚೀಲ ಕೆಳಗಿಡದೆಯೇ ತೋರಿಸತೊಡಗಿದಳು. ‘ಉಪ್ಪು ಇಲ್ಲಿ. ಅಕ್ಕಿ ಅಳೆಯೋ ಲೋಟ ಇದು. ಇದರಲ್ಲಿ ನೀರು ಕುಡಿದ್ರೆ ಅಪ್ಪ ಬೈತಾರೆ. ಈ ಡಬ್ಬದ ಮುಚ್ಚಳ ಸಡಿಲ, ಕೆಳಗಿಂದ ಹಿಡಿ.’ ಹೇಳುತ್ತ ಹೇಳುತ್ತ ಚೀಲ ಜಾರಿ ನೆಲ ಸೇರಿತು. ‘ಒಂದ್ಸಲ ಅಪ್ಪ ಸಕ್ಕರೆ ಅಂದ್ಕೊಂಡು ಹಾಲಿಗೆ ಉಪ್ಪು ಹಾಕಿಬಿಟ್ಟಿದ್ರು. ಅಜ್ಜಿ ಪೂರ್ತಿ ಕುಡಿದು ಆಮೇಲೆ ಹೇಳಿದ್ರು.’

‘ನಂಗೆ ಫೋನಲ್ಲಿ ಹೇಳಲೇ ಇಲ್ವಲ್ಲೇ!’

‘ಫೋನಲ್ಲಿ ಹೇಳೋಕೆ ಬರಲ್ಲ’ ಎಂದಳು ಮಗಳು. ಅಷ್ಟು ಹೇಳಿ ಅಳು ತಡೆಯಲಾಗದೆ ಡಬ್ಬಗಳ ಕಡೆ ತಿರುಗಿ ನಿಂತಳು. ಅಮ್ಮ ಹಿಂದಿನಿಂದ ಬಂದು ಅವಳ ಜಡೆ ಹಿಡಿದುಕೊಂಡು ನಿಂತಳು. ಹೊರಗೆ ಅತ್ತೆ ಯಾಕೋ ಜೋರಾಗಿ ಕೆಮ್ಮಿದಳು.

ರಜೆ ಮುಗಿಯುವ ಹೊತ್ತಿಗೆ ಮನೆಯವರೆಲ್ಲ ಕೂತು ಮಾತಾಡಿದರು. ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಅವಳಿಗೂ ಆ ಕೆಲಸ ಬಿಡುವ ಮನಸ್ಸಿರಲಿಲ್ಲ. ಮಗಳು ಮಾತ್ರ ಒಂದು ಷರತ್ತು ಹಾಕಿದಳು. ‘ದೊಡ್ಡ ರಜೆಗೆ ನಾನೂ ಬರ್ತೀನಿ. ನೀನು ಎಲ್ಲಿರ್ತೀಯಾ ಅಂತ ನೋಡಬೇಕು.’

ವಾಪಸ್ಸು ಹೋದವಳು ಮೀಸೆಯವನ ಹತ್ತಿರ ಒಂದು ಮಾತು ಕೇಳಿದಳು. ಅದೇ ಕಟ್ಟಡದಲ್ಲಿ ಕೆಲಸಗಾರರ ಕ್ಯಾಂಟೀನಿತ್ತು. ತನ್ನನ್ನು ಅಲ್ಲಿಗೆ ಹಾಕಿ ಎಂದಳು.

‘ಅದು ಮೆಟ್ಟಿಲು ಇಳಿದ ಹಾಗೆ. ಮುಂದಿನ ವರ್ಷ ನಿನ್ನನ್ನ ಈ ಸಾಲಿಗೆ ಮುಖ್ಯಸ್ಥೆ ಮಾಡೋಣ ಅಂತಿದ್ದೆ’ ಎಂದ ಅವನು.

‘ಮಾಡೋರು ಬೇಕಾದಷ್ಟು ಜನ ಇದಾರೆ ಸಾರ್. ನಂಗೆ ತಿನ್ನೋರ ಮುಂದೆ ನಿಂತು ಬಡಿಸೋ ಆಸೆ.’

ಅವನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಒಪ್ಪಿದ. ಕ್ಯಾಂಟೀನಿನಲ್ಲಿ ಲಾರಿ ಓಡಿಸುವವರು, ತಟ್ಟೆ ತೊಳೆಯುವವರು, ಕಸ ಗುಡಿಸುವವರು, ಒಬ್ಬೊಬ್ಬರದು ಒಂದೊಂದು ದೇಶ, ಒಂದೊಂದು ನಾಲಿಗೆ. ಒಬ್ಬನಿಗೆ ಖಾರ ಸಾಲದು, ಇನ್ನೊಬ್ಬನಿಗೆ ಖಾರದ ವಾಸನೆಯೇ ಆಗದು. ಬೈಗುಳವೂ ಬಿಸಿಬಿಸಿಯಾಗಿ ಎದುರಿಗೇ ಬೀಳುತ್ತಿತ್ತು. ಒಲೆಯಿಂದ ಆಗತಾನೆ ಇಳಿದ ಆಮ್ಲೆಟ್ ತಿಂದು ತಂಗಿ, ‘ಅಕ್ಕ, ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?’ ಎಂದು ಕಣ್ಣರಳಿಸಿದಳು.

ಶಾಲೆಗೆ ದೊಡ್ಡ ರಜೆ ಬಂದಾಗ ಗಂಡ, ಮಗಳು ಬಂದರು. ಅತ್ತೆ ಬರಲಿಲ್ಲ. ‘ಬಸ್ಸಿನಲ್ಲೇ ನಂಗೆ ತಲೆ ಸುತ್ತುತ್ತೆ, ಇನ್ನು ಅದರಲ್ಲಿ ಹತ್ತಿಸಿ ಕೊಲ್ತೀರಾ’ ಎಂದು ತನ್ನ ಮಗಳ ಮನೆಗೆ ಹೋಗಿ ಕೂತಳು. ತಂಗಿ ತನ್ನ ಮಂಚ ಬಿಟ್ಟುಕೊಟ್ಟು ಗೆಳತಿಯ ಕೋಣೆ ಸೇರಿದಳು. ಗಂಡನಿಗೆ ಲಾರಿಯವನೊಬ್ಬನ ಕೋಣೆಯಲ್ಲಿ ಜಾಗವಾಯಿತು.

ಮೊದಲ ಬೆಳಿಗ್ಗೆ ಮಗಳು ಬಸ್ ನಿಲ್ದಾಣದ ತನಕ ಜೊತೆಗೆ ಬಂದಳು. ರಸ್ತೆಯುದ್ದಕ್ಕೂ ಪ್ರಶ್ನೆ. ಬಟ್ಟೆ ಎಲ್ಲಿ ಒಗೀತೀಯಾ, ಆ ಅಂಗಡಿಯವನು ಯಾಕೆ ನಗ್ತಾನೆ, ಚಳಿಗಾಲದಲ್ಲೂ ಇಷ್ಟು ಹೊತ್ತಿಗೇ ಹೊರಡ್ತೀಯಾ. ಅಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಬಸ್ಸು ಬಂತು. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಳು.

‘ಅಮ್ಮಾ, ಸಂಜೆ ಎಷ್ಟೊತ್ತಿಗೆ ಬರ್ತೀಯಾ?’

‘ಕತ್ತಲಾಗೋದ್ರೊಳಗೆ ಬಂದುಬಿಡ್ತೀನಿ’ ಎಂದಳು ಅಮ್ಮ. ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ಸೀಟು ಹಿಡಿಯುವುದನ್ನು ಮರೆತು, ಕಂಬ ಹಿಡಿದು ನಿಂತೇ ಇದ್ದಳು.