ಹೆಸರಿಡುವ ಮೇಷ್ಟ್ರು

ಹೆಸರಿಡುವ ಮೊದಲು ಪುಟ್ಟಸ್ವಾಮಯ್ಯ ಮೇಷ್ಟ್ರು ಕನ್ನಡಕ ತೆಗೆಯುತ್ತಿದ್ದರು. ಪಂಚೆಯ ಚುಂಗಿನಿಂದ ಗಾಜು ಒರೆಸುತ್ತಾ, ಎದ್ದು ನಿಂತ ಮಗುವನ್ನು ಬರಿಗಣ್ಣಿನಿಂದ ನೋಡಿ ಒಂದು ಸಣ್ಣ ನಗೆ ನಗುವರು. ಕನ್ನಡಕ ಮತ್ತೆ ಮೂಗಿನ ಮೇಲೆ ಕೂರುವಷ್ಟರಲ್ಲಿ ಆ ಮಗುವಿನ ಅಪ್ಪ ಅಮ್ಮ ಇಟ್ಟ ಹೆಸರು ಸತ್ತು ಹೋಗಿರುತ್ತಿತ್ತು.

ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಸರ್ಕಾರಿ ಹೈಸ್ಕೂಲು. ಊರಿನವರೇ ಕಲ್ಲು ಹೊತ್ತು ಕಟ್ಟಿದ ಮೂರು ಕೋಣೆಗಳಲ್ಲಿ ಶುರುವಾದದ್ದು. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ತಮಿಳು ಎಲ್ಲ ಕೂರುತ್ತಿದ್ದವು. ಆಟದ ಮೈದಾನದಲ್ಲಿ ಹಾಕಿ ಆಡುವಾಗ ಯಾರು ಯಾವ ಭಾಷೆಯಲ್ಲಿ ಕೂಗಿದರೂ ಚೆಂಡು ಸರಿಯಾದವರಿಗೇ ಬರುತ್ತಿತ್ತು. ಮೇಷ್ಟ್ರು ಹಾಸನದ ಕಡೆಯವರು, ನಮ್ಮ ಕನ್ನಡ ಪಂಡಿತರು. ಕೆಲಸದ ಕಾಲವನ್ನೆಲ್ಲ ಇಲ್ಲೇ ಕಳೆದರೂ ಇಲ್ಲಿಯ ಒಂದು ಮಾತನ್ನೂ ಕಲಿಯಲಿಲ್ಲ. "ಕನ್ನಡ ಒಂದಿದ್ರೆ ಸಾಕು ಕಣ್ರೋ, ಮಿಕ್ಕಿದ್ದೆಲ್ಲ ಕಾಗೆ ಕೂಗು" ಎನ್ನುತ್ತಿದ್ದರು.

ಎಂಟನೆಯ ಕ್ಲಾಸಿನ ಮೊದಲ ವಾರ. "ಪಠ್ಯಪುಸ್ತಕ ಯಾರ್ಯಾರ ಹತ್ರ ಇದೆ?" ಎಂದು ಕೇಳಿದರು. ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ 'ಇದೆ' ಎನ್ನುವುದಕ್ಕೆ 'ಉಟ್ಟು' ಎನ್ನುತ್ತೇವೆ. ಹೊಸ ಪುಸ್ತಕದ ಖುಷಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತು, "ನನ್ನ ಹತ್ರ ಪುಸ್ತಕ ಉಟ್ಟು ಸರ್" ಎಂದುಬಿಟ್ಟೆ.

ಕನ್ನಡಕ ಕೆಳಗಿಳಿಯಿತು. "ಏನಮ್ಮ ತಾಯಿ, ಪುಸ್ತಕ ಉಟ್ಕೊಂಡು ಬಂದಿದ್ದೀಯೋ? ಹಂಗಾದ್ರೆ ಲಂಗ ಎಲ್ಲಿಟ್ಟೆ, ಬ್ಯಾಗಲ್ಲಾ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮನೆಯಲ್ಲಿ ಅರೆಭಾಷೆಯನ್ನೇ ಆಡುವ ಹುಡುಗರೂ ನಕ್ಕರು, ಅದೇ ಹೆಚ್ಚು ಉರಿದದ್ದು. ಅಂದಿನಿಂದ ನಾನು ಉಟ್ಟು. ಸಂಜೆ ಅಳುತ್ತಾ ಮನೆಗೆ ಹೋದರೆ ಅಪ್ಪ, "ನಮ್ಮ ಭಾಷೆ ಹಂಗೇ ಉಟ್ಟು ಮಗ, ಎಂತ ಮಾಡ್ದು?" ಎಂದರು. ಆ ಮಾತಿನಲ್ಲೂ ಅದೇ ಶಬ್ದ ಕೇಳಿ ನನಗೆ ಅಳು ಇನ್ನೂ ಹೆಚ್ಚಾಯಿತು.

ನನ್ನದು ಬಿಡಿ. ಎಸ್ಟೇಟ್ ಲೈನಿನ ಸೆಲ್ವಿ ಒಂದು ದಿನ ನೀರು ಕುಡಿದು ಬರುತ್ತೇನೆಂದು ಹೇಳಲು ಹೋಗಿ 'ತಣ್ಣಿ' ಎಂದಳು. ತಣ್ಣಿ ಎಂದರೆ ತಮಿಳಿನಲ್ಲಿ ನೀರು, ಬಾಯಿಮಾತಿನಲ್ಲಿ ಹೆಂಡವೂ ಹೌದು. "ನಿಮ್ಮಪ್ಪ ಸಾಯಂಕಾಲ ಹಾಕ್ತಾನಲ್ಲ, ಆ ತಣ್ಣೀನೋ?" ಎಂದರು ಮೇಷ್ಟ್ರು. ಅವರಿಗೆ ಬರುತ್ತಿದ್ದ ತಮಿಳು ಅಷ್ಟೇ. ಸೆಲ್ವಿಯ ಅಪ್ಪ ನಿಜವಾಗಿಯೂ ಕುಡಿಯುತ್ತಿದ್ದ. 'ತಣ್ಣಿ' ಎಂದು ಕರೆಸಿಕೊಂಡು ಒಂದಷ್ಟು ದಿನ ಬಂದಳು, ಆಮೇಲೆ ಅಮ್ಮನ ಜೊತೆ ಕಾಫಿ ಪಿಕ್ಕಿಂಗಿಗೆ ಹೋದಳು. ಅವಳ ಜಾಗದಲ್ಲಿ ಬೇರೆಯವರು ಕೂತರು. ಮೇಷ್ಟ್ರು ಅವಳೆಲ್ಲಿ ಎಂದು ಕೇಳಲೂ ಇಲ್ಲ.

ಹಾಳಾದವರು ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಸುಳ್ಳು ಹೇಳಲಾರೆ. ಹಳಗನ್ನಡ ಪದ್ಯವನ್ನು ಪುಸ್ತಕ ಮುಟ್ಟದೆ ಹಾಡುವರು, ಒಂದೊಂದು ಶಬ್ದವನ್ನೂ ಕಿತ್ತಳೆಯ ತೊಳೆ ಬಿಡಿಸಿದ ಹಾಗೆ ಬಿಡಿಸಿ ಕೊಡುವರು. ಅವರ ಮೇಲಿನ ಹಟಕ್ಕೇ ನಾನು ಕನ್ನಡ ಎಂ.ಎ. ಮಾಡಿದೆ, ಅದೇ ಹೈಸ್ಕೂಲಿಗೆ ಟೀಚರಾಗಿ ಬಂದೆ. ಅವರು ನಿವೃತ್ತರಾಗಿ ಊರಿಗೆ ಹೋಗಿದ್ದರು. ಇಟ್ಟ ಹೆಸರನ್ನು ಮಾತ್ರ ಬಿಟ್ಟು ಹೋಗಿದ್ದರು. ನನ್ನ ಜೊತೆ ಓದಿದವರೆಲ್ಲ ಈಗ ಮಕ್ಕಳ ತಂದೆ ತಾಯಿ. ಮೊದಲ ಪೋಷಕರ ಸಭೆಯಲ್ಲಿ ಒಬ್ಬಳು ಮಗನಿಗೆ, "ನಮಸ್ಕಾರ ಮಾಡೋ, ಉಟ್ಟು ಟೀಚರ್" ಎಂದಳು. ನನ್ನ ಹೆಸರು ನನಗೆ ವಾಪಸು ಬರುವುದಿಲ್ಲವೆಂದು ಅವತ್ತು ತಿಳಿಯಿತು. ಹಾಗಿದ್ದರೆ ಮೇಷ್ಟ್ರ ಹೆಸರೂ ಉಳಿಯಬಾರದು ಎಂದುಕೊಂಡೆ.

ಆಯುಧ ಸಿಕ್ಕಿದ್ದು ಕ್ಲಾಸಿನಲ್ಲೇ. 'ಕೆಳಗಿನ ಪದಗಳ ಪಟ್ಟಿ ಮಾಡಿ' ಎಂದು ಬೋರ್ಡಿನ ಮೇಲೆ ಬರೆದಾಗ ಮಲಯಾಳ ಮಾತಾಡುವ ಹುಡುಗಿಯೊಬ್ಬಳು ಕಿಸಕ್ಕೆಂದಳು. ನಾನು ಅವಳಿಗೆ ಹೆಸರಿಡಲಿಲ್ಲ, ಯಾಕೆ ನಕ್ಕೆ ಎಂದು ಕೇಳಿದೆ. "ನಮ್ಮಲ್ಲಿ ಪಟ್ಟೀಂದ್ರೆ ನಾಯಿ ಟೀಚರ್" ಎಂದಳು. ಆ ಮಾತನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡೆ.

ಶಾಲೆಯ ವಜ್ರಮಹೋತ್ಸವ ಬಂತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಮಿಯಾನ ಹಾಕಿಸಿ, ಪುಟ್ಟಸ್ವಾಮಯ್ಯನವರಿಗೆ ಸನ್ಮಾನವೆಂದು ನಿಶ್ಚಯ ಮಾಡಿದರು. ನಿರೂಪಣೆ ನನ್ನದು. ನಿರೂಪಣೆ ಮಾಡುವವಳು ಎಲ್ಲರನ್ನೂ ಪರಿಚಯಿಸುತ್ತಾಳೆ, ಅವಳನ್ನು ಮಾತ್ರ ಯಾರೂ ಪರಿಚಯಿಸುವುದಿಲ್ಲ.

ಮೈಕ್ ಹಿಡಿದು, ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿ ಹೇಳಿದೆ: "ಈ ಶಾಲೆಯ ಗುರುಗಳ ಪರಂಪರೆ ದೊಡ್ಡದು. ಆದರೆ ಪಟ್ಟಿ ಎಂದ ಕೂಡಲೇ ನಮಗೆಲ್ಲ ನೆನಪಾಗುವವರು ಒಬ್ಬರೇ. ಪುಟ್ಟಸ್ವಾಮಯ್ಯ ಮೇಷ್ಟ್ರು!"

ಹಿಂದಿನ ಸಾಲಿನಿಂದ ದಿನಸಿ ಅಂಗಡಿಯ ಅಶ್ರಫ್ "ಎಂಡೆ ಪಡಚ್ಚೋನೇ!" ಎಂದು ಮಲಯಾಳದಲ್ಲಿ ದೇವರನ್ನು ಕೂಗಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ನಗು ಅಲ್ಲಿಂದ ಹೊರಟು ಮುಂದಿನ ಸಾಲಿನವರೆಗೂ ಬಂತು. ವಿರಾಜಪೇಟೆಯ ಈ ಕಡೆ ಮಲಯಾಳ ಅರ್ಥವಾಗದವರು ಯಾರಿದ್ದಾರೆ? ಅರ್ಥವಾಗದವರು ಒಬ್ಬರೇ. ಅವರು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದರು. ಕೈಮುಗಿದಷ್ಟೂ ನಗು ಹೆಚ್ಚಿತು. ನನ್ನ ಹೊಟ್ಟೆ ತಣ್ಣಗಾಯಿತು.

ಊಟವಾದ ಮೇಲೆ ಶಾಲು, ಹಣ್ಣಿನ ಬುಟ್ಟಿಯೊಂದಿಗೆ ನನ್ನನ್ನು ಹುಡುಕಿಕೊಂಡು ಬಂದರು. ಯಾರೋ ಹೇಳಿಬಿಟ್ಟಿದ್ದರು.

"ಪಟ್ಟಿ ಅಂದ್ರೆ ನಾಯಿಯಂತೆ?"

"ಹೌದು ಸರ್."

"ಬೇಕಂತ್ಲೇ ಅಂದ್ಯಾ?"

"ಬೇಕಂತಲೇ ಸರ್."

ಸಿಟ್ಟು ಬರಲಿ, ಕಣ್ಣು ತುಂಬಲಿ, ಏನಾದರೂ ಆಗಲಿ ಎಂದು ಕಾದೆ. ಅವರು ತಲೆದೂಗಿದರು. "ಭೇಷ್! ಶ್ಲೇಷಾಲಂಕಾರ ನಾನೇ ಕಲಿಸಿದ್ದಲ್ವೇನಮ್ಮ!"

ನನ್ನ ಸೇಡನ್ನೂ ತಮ್ಮ ಪಾಠದ ಖಾತೆಗೇ ಹಾಕಿಕೊಂಡರು! ಮೈಯೆಲ್ಲ ಉರಿದು ಹೋಯಿತು. ಅವರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. "ನೀನು ಉಟ್ಟು ಅಲ್ವಾ? ಮುಖ ನೆನಪಿದೆ. ಹೆಸರು ಮಾತ್ರ... ಏನಮ್ಮ ನಿನ್ನ ಹೆಸರು?"

ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದರು. ನಾಲಿಗೆಯ ತುದಿಗೆ ಬಂದ ಹೆಸರನ್ನು ನುಂಗಿಕೊಂಡೆ.

"ನೆನಪು ಮಾಡ್ಕೊಳ್ಳಿ ಸರ್."

ಕಾರು ಬಂತು. ಕಿಟಕಿಯ ಗಾಜು ಇಳಿಸಿ, "ಸರೋಜಾ?" ಎಂದರು. "ಸುಲೋಚನಾ?" ಎಂದರು. ಕಾರು ಗೇಟು ದಾಟಿತು.

ಹೋದ ಮಳೆಗಾಲದಲ್ಲಿ ಅವರ ಮಗಳು ಶಾಲೆಗೆ ಫೋನ್ ಮಾಡಿದಾಗ ಎತ್ತಿದ್ದು ನಾನು. ಮೇಷ್ಟ್ರು ತೀರಿಕೊಂಡ ಸುದ್ದಿ ಹೇಳಿ, "ಮೇಡಂ, ಅಪ್ಪ ಕೊನೆಕೊನೆಗೆ ಬರೀ ಹೆಣ್ಣುಮಕ್ಕಳ ಹೆಸರು ಹೇಳ್ತಿದ್ರು. ಒಂದೊಂದು ಹೇಳಿ, ಇದಾ, ಇದಾ ಅಂತ ನನ್ನೇ ಕೇಳೋರು. ನಿಮ್ಮ ಶಾಲೆಯವರು ಯಾರೋ ಇರ್ಬೇಕು. ಯಾರು ಅಂತ ಏನಾದ್ರೂ ಗೊತ್ತಾ?" ಎಂದಳು.

ಕನಿಕರ ಬರಬೇಕಿತ್ತು. ಸ್ಟಾಫ್ ರೂಮಿನಲ್ಲಿ ಫೋನ್ ಕಿವಿಗಿಟ್ಟುಕೊಂಡೇ ಅದಕ್ಕಾಗಿ ಕಾದೂ ನೋಡಿದೆ, ಬರಲಿಲ್ಲ.

"ಗೊತ್ತಿಲ್ಲಮ್ಮ" ಎಂದೆ.

"ತಾವು ಯಾರು ಮಾತಾಡ್ತಿರೋದು?"

"ಇಲ್ಲಿಯ ಕನ್ನಡ ಟೀಚರ್" ಎಂದು ಹೇಳಿ ಫೋನ್ ಇಟ್ಟೆ.